ಪಕ್ಕದ ಮನೆಯ ದೀಪ

ನಮ್ಮ ದಾನ್ಲಿಯಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ.
"ಬಿಳಿಬೂರುಗದ ಮರ ಇತ್ತಲ್ಲ, ಅಲ್ಲಿಂದ ಎರಡು ತಿರುವು ಕೆಳಗೆ,
ನೀಲಿ ಬಾಗಿಲಿನ ಎದುರು" ಅಂದರೆ ಸಾಕು.
ಮರ ಕಡಿದು ಹನ್ನೊಂದು ವರ್ಷ.
ಆದರೂ ಕಾಗದ ಬಂದು ಸೇರುತ್ತದೆ.

ನನ್ನ ಕೆಲಸವೂ ಅಷ್ಟೇ.
ಬೀನ್ಸಿನ ಎಳೆ ಎಲೆಯಿಂದ ಬೊಟ್ಟಿನಷ್ಟು ಕಚ್ಚಿ ತೆಗೆಯುತ್ತೇನೆ,
ಆಫೀಸಿನಲ್ಲಿ ಕಾಗದಕ್ಕೆ ತೂತು ಹಾಕುತ್ತಾರಲ್ಲ, ಅದರಲ್ಲಿ.
ಅರೆಯುತ್ತೇನೆ, ಕಾಯಿಸುತ್ತೇನೆ, ತಣಿಸುತ್ತೇನೆ,
ಲೋಳೆಯ ಹಲಗೆಯ ಮೇಲೆ ಓಡಲು ಬಿಡುತ್ತೇನೆ.
ಕತ್ತಲ ಕೋಣೆಯಲ್ಲಿ ಗೆರೆಗಳು ಬೆಳಗುತ್ತವೆ.
ಮೇಲಿನದೊಂದು, ಕೆಳಗಿನದೊಂದು, ಒಮ್ಮೊಮ್ಮೆ ಎರಡೂ;
ಕರೆಂಟು ಹೋದ ದಿನ ಏನೂ ಇಲ್ಲ.
ನಾನು ಹುಡುಕುವ ಮನೆ ನನಗೆ ಕಾಣುವುದೇ ಇಲ್ಲ.
ಕಾಣುವುದು ಪಕ್ಕದ ಮನೆಯ ದೀಪ.
ಅದು ಉರಿಯುತ್ತಿದ್ದರೆ
ಇವನೂ ಒಳಗಿದ್ದಾನೆ ಎಂದು ಬರೆದುಕೊಳ್ಳುತ್ತೇನೆ.

ಹೊಲದಲ್ಲಿ ಬಿಳಿನೊಣ, ಸಾಸಿವೆಗಿಂತ ಸಣ್ಣದು.
ಅದು ಕೂತು ಎದ್ದ ಗಿಡ ಕೆಲವೇ ವಾರದಲ್ಲಿ ಬಂಗಾರ.
ಎಂಥ ಬಂಗಾರವೆಂದರೆ
ಪ್ರವಾಸಿಗಳು ಬಸ್ಸು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.
ಕಾಯಿ ಮುರುಟಿ ಕೊಕ್ಕೆ.
ಒಳಗೆ ಕಾಳಿನ ಜಾಗದಲ್ಲಿ ಗಾಳಿ.
ಹುರುಳಿಲ್ಲ.

ತಡೆಯುವ ಗುಣ ಇದೆ; ಅದು ಮೌನಿ.
ತಾಯಿಯಿಂದೊಂದು ತಂದೆಯಿಂದೊಂದು ಕೂಡಿದರೆ ಮಾತ್ರ ಬಾಯಿ ಬಿಡುತ್ತದೆ.
ಒಂಟಿಯಾದರೆ
ಹಳದಿ ತಿರುಗಿದ ಗಿಡದೊಳಗೇ ತಲೆತಗ್ಗಿಸಿ ಕೂರುತ್ತದೆ.
ಹಿಂದೆಲ್ಲ ಅಂಥವನ್ನು ಕಿತ್ತೆಸೆಯುತ್ತಿದ್ದರು.
ಎಷ್ಟು ಮೌನಿಗಳು ತಿಪ್ಪೆ ಸೇರಿದರೋ.
ಈಗ ಎರಡು ಗೆರೆ ಕಂಡ ಗಿಡಕ್ಕೆ ಕೆಂಪು ದಾರ ಕಟ್ಟುತ್ತೇನೆ:
ಕೀಳಬೇಡಿ, ಇದಕ್ಕೆ ಜೊತೆ ಹುಡುಕಬೇಕು.

ನಲವತ್ತೊಂದನೇ ಸಾಲು, ಏಳನೇ ಗಿಡ.
ದೀಪ ಉರಿಯುತ್ತಿತ್ತು, ಎರಡು ಸಲ ನೋಡಿದ್ದೆ.
ಹೊಲದಲ್ಲಿ ಅದು ಅಡಿಯಿಂದ ಮುಡಿತನಕ ಹಳದಿ.
ಹೂವಿನ್ನೂ ಮೊಗ್ಗಾಗಿದ್ದ ಯಾವುದೋ ಗಳಿಗೆಯಲ್ಲಿ
ಎಳೆ ತುಂಡಾಗಿ ಬೇರೆ ಎಳೆಗೆ ಕೂಡಿ
ಅವನು ಮನೆ ಬಿಟ್ಟಿದ್ದ. ದೀಪ ಆರಿಸಿರಲಿಲ್ಲ.
"ನೂರಕ್ಕೊಂದು ಹೀಗೇ" ಎಂದರು ಇಂಜಿನಿಯರ್ ಬಾರ್ದಾಲೆಸ್
(ಇಲ್ಲಿ ಬೇಸಾಯ ಓದಿದವರೂ ಇಂಜಿನಿಯರೇ)
ಮತ್ತು ಕಾಫಿ ಬಗ್ಗಿಸಿಕೊಂಡರು.
ನನಗೆ ಆ ನೂರರಲ್ಲಿ ತೊಂಬತ್ತೊಂಬತ್ತು ನೆನಪಿಲ್ಲ.

ಆರು ವರ್ಷದ ಕಾಳನ್ನು
ದೋನ್ಯಾ ಎದುವಿಹೆಸ್‌ಳ ಅಂಗೈಗೆ ಸುರಿದೆ.
ಬಿಸಿಲಿಗೆ ಹಿಡಿದಳು, ಒಂದನ್ನು ಹಲ್ಲಲ್ಲಿ ಕಡಿದಳು.
"ಕಪ್ಪಾಯ್ತು" ಅಂದಳು. "ಇಂಥ ಕೆಂಪಿಗೆ
ವ್ಯಾಪಾರಿ ಮೂಟೆಗೆ ನೂರು ಲೆಂಪಿರಾ ಮುರಿದುಕೊಳ್ತಾನೆ."
ಎಲೆ ಕೊನೆತನಕ ಹಸಿರಾಗಿತ್ತಲ್ಲ ಎಂದೆ.
"ಎಲೆ ಉಣ್ತೀಯಾ?"

ಅವಳ ಹೆಬ್ಬೆರಳು ಕಾಳಿನ ಕಣ್ಣನ್ನು ತಡವುತ್ತಲೇ ಇತ್ತು.
ನನ್ನ ಹಲಗೆಯ ಮೇಲೆ ಎಂದೂ ಮೂಡದ ಯಾವ ಗೆರೆಯೋ ಅದು.
ಹೊರಡುವಾಗ ಒಂದು ಹಿಡಿ ಜೇಬಿಗೆ ಹಾಕಿಕೊಂಡಳು.
ಎಲ್ಲಿ ಬಿತ್ತುತ್ತೀರಿ?
"ಕಲ್ಲುಗೋಡೆಯ ಹಿಂದೆ. ಹೋದ ಸಲ ಪೂರ್ತಿ ಹಳದಿಯಾಯ್ತಲ್ಲ, ಅಲ್ಲಿ."

ಸೋಮವಾರ ಮತ್ತೆ ಹೊಸ ಸಸಿ:
ಅವಳ ತಿಳಿಗೆಂಪಿಗೆ ನಮ್ಮ ಮೌನಿಯ ಪರಾಗ.
ಮತ್ತೆ ತೂತು, ಮತ್ತೆ ಕತ್ತಲ ಕೋಣೆ.
ಒಂದು ಮಾತು ಯಾವ ವರದಿಯಲ್ಲೂ ಬರೆದಿಲ್ಲ:
ನಾನು ಕಚ್ಚಿದ ತೂತು
ಎಲೆ ದೊಡ್ಡದಾದಂತೆ ತಾನೂ ದೊಡ್ಡದಾಗುತ್ತದೆ.
ಬಗ್ಗಿ ನೋಡಿದರೆ
ಅದರೊಳಗಿಂದ ಮುಂದಿನ ಸಾಲು ಕಾಣುತ್ತದೆ.