ಕಾಲರ್ ಒಳಗಿನ ಗುರುತು

ಮತ್ತಿಕೆರೆಯ ಅಡ್ಡರಸ್ತೆ, ಹೊಂಗೆಮರದ ಕೆಳಗೆ
ನಾಲ್ಕು ಗಾಲಿಯ ಬಂಡಿ.
ಗಾಲಿ ಉರುಳಿ ಹನ್ನೊಂದು ವರ್ಷವಾಗಿದೆ.
ಮುನಿಗಂಗಪ್ಪನ ಇಸ್ತ್ರಿಪೆಟ್ಟಿಗೆ ಆರು ಕೆಜಿ,
ನನ್ನ ಲ್ಯಾಪ್‌ಟಾಪು ಒಂದೂಕಾಲು.
ತೂಕ ಇದ್ದದ್ದು ಯಾವುದಕ್ಕೆ ಅಂತ
ಆಗ ಗೊತ್ತಿರಲಿಲ್ಲ.

ತಬಸ್ಸುಮ್ ಮತ್ತು ನಾನು ಕಂಪನಿ ನೋಂದಾಯಿಸಲು ಕೂತದ್ದು
ಒಂದು ಮಂಗಳವಾರ.
ಬುಧವಾರ ಮಾಡ್ರೇ, ಅಂದಳು ಅಮ್ಮ.
ಸರ್ಕಾರದ ಪೋರ್ಟಲ್ಲು ಮೂರು ಸಲ ಕೈಕೊಟ್ಟು
ತಾನಾಗಿ ಬುಧವಾರವೇ ಆಯಿತು.
ಹೆಸರು: ಮಡಿಕೆ.
ಬಟ್ಟೆ ಮಡಚಿದಾಗ ಬೀಳುತ್ತಲ್ಲ, ಆ ಗೆರೆ.
ಕೋರಮಂಗಲದ ಹೂಡಿಕೆದಾರರು ತಲೆದೂಗಿದರು:
"ಓ, ಕುಂಬಾರಿಕೆನಾ?"

ಹನ್ನೆರಡು ಸ್ಲೈಡು.
ಒಂದರಲ್ಲಿ ಇಡೀ ಬೆಂಗಳೂರಿನ ಸುಕ್ಕುಬಟ್ಟೆಯ ಲೆಕ್ಕ,
ಇನ್ನೊಂದರಲ್ಲಿ ಮೇಲಕ್ಕೇ ಹೋಗುವ ಗೆರೆ,
ಇಳಿಯಲು ಬಾರದ ಬೆಕ್ಕು ಮರ ಹತ್ತಿದ ಹಾಗೆ.
ಹಣ ಬಂತು.
ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ:
ಆ ರಾತ್ರಿ ಎರಡು ಪ್ಲೇಟ್ ಬಿರಿಯಾನಿಯ ಮುಂದೆ
ವೀರಭದ್ರರು ನಾವೇ.
ಮೂರನೇ ತಿಂಗಳಿಂದ ಪ್ರತಿ ಸೋಮವಾರ ಒಂಬತ್ತಕ್ಕೆ
ಕೋಡಂಗಿಯ ಫೋನು:
ಬೆಳವಣಿಗೆ ಎಷ್ಟು?

ಮುನಿಗಂಗಪ್ಪನಿಗೆ ಆ್ಯಪು ಹಾಕಿಕೊಟ್ಟೆವು.
ಬಟ್ಟೆಗೊಂದು ಫೋಟೊ, ಫೋಟೊಗೊಂದು ನಂಬರು.
ಎರಡು ದಿನ ಮಾಡಿದ.
ಮೂರನೇ ದಿನ ಫೋನು
ಹಾಸುಗಂಬಳಿಯ ಕೆಳಗೆ ಬೆಚ್ಚಗೆ ಮಲಗಿತ್ತು.
"ಕೈ ಖಾಲಿ ಇದ್ರೆ ತಾನೆ ತಾಯಿ, ಫೋಟೊ ತೆಗೆಯೋದು?"
ಆರು ತಿಂಗಳ ಕೋಡು
ಒಂದೇ ಮಾತಿಗೆ ತಣ್ಣಗಾಯಿತು.

ಹಣ ಕರಗುವ ವೇಗಕ್ಕೆ ಬರ್ನ್ ರೇಟ್ ಅಂತಾರೆ,
ವಿವರಿಸಲು ಹೋದೆ.
"ಗೊತ್ತು ಬಿಡಿ. ಪೆಟ್ಟಿಗೆ ಒಂದೇ ಕಡೆ ನಿಂತ್ರೆ" ಅಂದ.

ಆಫೀಸು ಬಿಟ್ಟೆವು.
ಬೇರೆ ಕೆಲಸ ನೋಡಿಕೋ ಅಂತ ಅಕ್ಷೋಭ್ಯನಿಗೆ ಹೇಳಲು
ಮೂರು ಕಾಫಿ ಬೇಕಾಯಿತು.
ಬಿಲ್ಲು ಅವನೇ ಕೊಟ್ಟ.

ಒಂದು ವಾರ ಸುಮ್ನೆ ನಿಲ್ಲೋಣ, ಅಂದಳು ತಬಸ್ಸುಮ್,
ಬಾಯಿ ಮುಚ್ಕೊಂಡು.
ನಿಂತೆವು.
ಬೆರಳ ತುದಿಯ ನೀರು ಚಿಮುಕಿಸಿ
ಚೊಂಯ್ ಅನ್ನುವ ಸದ್ದಿನಲ್ಲೇ
ಇದು ಹತ್ತಿಗೆ, ಇದಿನ್ನೂ ಆರಲಿ ರೇಷ್ಮೆಗೆ
ಅಂತ ಅವನು ತೀರ್ಮಾನಿಸುವುದು ಕಂಡೆವು.
ಕಾಲರ್ ತಿರುಗಿಸಿದರೆ ಒಳಗೆ ಶಾಯಿಯ ಗುರುತು:
ಮೂರು ಚುಕ್ಕಿ, ಒಂದು ಗೀಟು, ಮೂರನೇ ಮಹಡಿ ಮೇಡಮ್ಮು;
ಕೊಡೆ, ಪೋಸ್ಟಾಫೀಸಿನವರು;
ಮೀನು, ಹೊಸದಾಗಿ ಬಂದ ಬಂಗಾಳಿ ದಂಪತಿ.
ನೂರಾ ನಲವತ್ತು ಮನೆ, ಒಂದಂಗಿ ಅದಲುಬದಲಿಲ್ಲ.
ನಾವು ಕಂಡುಹಿಡಿಯಲು ಹೊರಟದ್ದು
ಆಗಲೇ ಊರ ಕತ್ತಿನಲ್ಲಿತ್ತು.

ಅವನು ಸೋಲುತ್ತಿದ್ದದ್ದು ಬೇರೆ ಕಡೆ.
ತಿಂಗಳ ಕೊನೆಗೆ ಬಾಕಿ ಕೇಳಬೇಕು,
ಗೇಟಿನ ಹತ್ತಿರ ಹೋಗಿ, ಕೆಮ್ಮಿ,
ಏನೂ ಇಲ್ಲಮ್ಮ ಅಂತ ವಾಪಸು ಬರುತ್ತಿದ್ದ.
ಆ ಸಂಕೋಚವನ್ನು ನಾವು ಹೊತ್ತೆವು:
ಒಂದನೇ ತಾರೀಖು ಒಂದು ಮೆಸೇಜು, ನಮ್ಮ ಹೆಸರಲ್ಲಿ.
ಅಷ್ಟೇ. ಅದಕ್ಕೆ ನೂರೈವತ್ತು ರೂಪಾಯಿ.
ಮೊದಲ ತಿಂಗಳದ್ದು ಅವನು ಎಣಿಸಿ ಕೊಟ್ಟದ್ದು
ಹತ್ತರ ನಾಣ್ಯಗಳಲ್ಲಿ, ಕೆಂಡದಷ್ಟು ಬಿಸಿ.

ಅವನಾದ ಮೇಲೆ ಭಾವಮೈದ, ಯಶವಂತಪುರದ ಬಂಡಿ.
ಏಳಾಯಿತು. ನಾಲ್ಕು ತಿಂಗಳು ಏಳೇ.
ಈಗ ಅರವತ್ತೆರಡು.
ಸ್ಲೈಡಿನ ಗೆರೆಯಂತಲ್ಲ,
ಸಾಮಾನಿನ ಚೀಲ ಹಿಡಿದು ಮೆಟ್ಟಿಲು ಹತ್ತುವ ಮುದುಕಿಯಂತೆ,
ಅಲ್ಲಲ್ಲಿ ಕೂತು.

ನಿನ್ನೆ ನನ್ನದೇ ಕುರ್ತಾದ ಕತ್ತು ತಿರುಗಿಸಿದೆ.
ಒಂದು ಸೊನ್ನೆ, ಪೂರ್ತಿ ಮುಚ್ಚಿರಲಿಲ್ಲ.
ಶುರುವಿನ ಗುರುತೋ, ಆಶೀರ್ವಾದವೋ,
ತಬಸ್ಸುಮ್‌ಗೆ ತೋರಿಸಿದೆ, ಅರ್ಧ ಗಂಟೆ ಊಹಿಸಿದೆವು.
ಕೊನೆಗೆ ಅವನನ್ನೇ ಕೇಳಿದೆ.

ಪೆಟ್ಟಿಗೆ ಎತ್ತಿ, ಬೂದಿ ಊದಿ, ಹೇಳಿದ:
"ಅದಾ? ದುಡ್ಡು ಕೊಡದೇ ಇರೋರಿಗೆ ಹಾಕೋದು, ತಾಯಿ.
ನಿಮ್ದು ಎರಡು ವರ್ಷದ್ದು ಬಾಕಿ."