ಹತ್ತರ ಲೆಕ್ಕ

ಇಪ್ಪತ್ತಾರು ವರ್ಷ ನಾನು ಡೀನ್‌ಗಳ ಮುಂದೆ ನಡೆದವನು,
ಬೆಳ್ಳಿ ತುದಿಯ ಕರಿಕೋಲು ಹೊತ್ತು.
ಹಿಂದೆ ಬರುವವರ ಮುಖ ಕಂಡದ್ದು ಕಡಿಮೆ,
ಹೆಜ್ಜೆ ಗೊತ್ತು.
ಮೊದಲನೆಯವರದು ಗಟ್ಟಿ ಹಿಮ್ಮಡಿ, ಕಲ್ಲಿಗೇ ಅಪ್ಪಣೆ ಕೊಟ್ಟಂತೆ.
ಎರಡನೆಯವರಿಗೆ ವಾತ, ಒಂದೂವರೆ ಹೆಜ್ಜೆ.
ಮೂರನೆಯವರು ಈಕೆ, ಥಿಯಡೋರಾ ಥ್ರೆಲ್ಕೆಲ್ಡ್,
ರಬ್ಬರಿನ ಅಟ್ಟೆ.
ಬಂದರೋ ಇಲ್ಲವೋ, ತಿರುಗಿಯೇ ನೋಡಬೇಕು.
ಕೋಲು ಹಿಡಿದವನು ತಿರುಗುವಂತಿಲ್ಲ.

ಬಂದ ವಾರವೇ ಕೇಳಿದರು,
"ವಿಲ್ಫ್ರಿಡ್, ಡೀನ್ ಅಂದರೇನು ಗೊತ್ತೇ?"
ಬಿಷಪ್ಪರನ್ನೂ ಬಾಗಿಲಲ್ಲಿ ನಿಲ್ಲಿಸಿ
ಆಮೇಲೆ ಒಳಗೆ ಕರೆಯಬಲ್ಲವರು, ಅಂದೆ.
ನಕ್ಕರು.
"ಹತ್ತು. ಬರೀ ಲ್ಯಾಟಿನ್ನಿನ ಹತ್ತು.
ರೋಮಿನ ದಂಡಿನಲ್ಲಿ ಒಂದು ಗುಡಾರಕ್ಕೆ ಹಿರಿಯ;
ಯಾರ ಕಂಬಳಿ ಒದ್ದೆ, ಯಾರ ಹಿಮ್ಮಡಿಯಲ್ಲಿ ಬೊಕ್ಕೆ
ತಿಳಿದಿರಬೇಕಾದವನು.
ಆಮೇಲೆ ಮಠಗಳಲ್ಲಿ ಹತ್ತು ಸನ್ಯಾಸಿಗಳಿಗೊಬ್ಬ,
ನಡುರಾತ್ರಿ ಪ್ರಾರ್ಥನೆಗೆ ಏಳದವನ ಭುಜ ಅಲುಗಿಸಲು.
ನೂರಕ್ಕಲ್ಲ, ಊರಿಗಲ್ಲ.
ಕೈಬೆರಳು ಮುಗಿದಲ್ಲಿ ಅಧಿಕಾರವೂ ಮುಗಿಯಿತು."

ನನಗೆ ಒಗ್ಗಲಿಲ್ಲ. ಈ ಚಾವಣಿಯ ಎತ್ತರ ನೋಡಿ,
ಗುಮ್ಮಟದಲ್ಲಿ ಸಿಕ್ಕ ಪಾರಿವಾಳ
ಇಳಿಯುವುದಕ್ಕೇ ಮಧ್ಯಾಹ್ನ ಬೇಕು.
ಇಷ್ಟು ಕಲ್ಲು, ಇಷ್ಟು ಗಾಜು,
ಹತ್ತಕ್ಕೇ?

ಆ ಚಳಿಗಾಲ ಮೇಬಲ್ ಗಾರ್ತ್ ತೀರಿಕೊಂಡಳು.
ಗಂಡ ಆಂಬ್ರೋಸ್, ಕುರಿ ಉಣ್ಣೆ ಕತ್ತರಿಸುವವನು,
ಸಮಾಧಿಯ ಕಲ್ಲಿಗೆ ಒಂದೇ ಸಾಲು ಬೇಡಿದ:
ನೀರು ಕಾಯಲಿಟ್ಟಿರ್ತೀನಿ, ಬಾ.
ದಿನಾ ಅವನು ಗುಡ್ಡ ಹತ್ತುವಾಗ
ಅವಳು ಬಾಗಿಲಲ್ಲಿ ನಿಂತು ಕೂಗುತ್ತಿದ್ದುದು.
ಚರ್ಚಿನಂಗಳದ ಕಲ್ಲಿಗೆ ಚರ್ಚಿನ ಕೋರ್ಟು.
ಆಗದು, ಎಂದಿತು ಕೋರ್ಟು.
ಮೇಲ್ಮನವಿ ಲಂಡನ್ನಿಗೆ ಹೋಯಿತು.
ಅಲ್ಲಿಯೂ ಒಬ್ಬ ಡೀನ್!
ಕಮಾನುಗಳ ಡೀನ್ ಎಂದು ಹೆಸರು,
ಗಾಯಕರಿಲ್ಲ, ಗೋಪುರವಿಲ್ಲ, ಮುಂದೆ ನಡೆಯಲು ನನ್ನಂಥವನಿಲ್ಲ;
ಎಂದೋ ಒಂದು ಕಮಾನಿನ ಚರ್ಚಿನಲ್ಲಿ ಕೂತ ನೆನಪಿಗೆ
ಬಿರುದು ಉಳಿದಿದೆ, ಮನೆ ಬಿಟ್ಟರೂ ಬಿಡದ ಮನೆತನದ ಹೆಸರಿನಂತೆ.

ಆಂಬ್ರೋಸನ ಜೊತೆ ನಾನೇ ರೈಲು ಹತ್ತಿದೆ.
ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಉಪ್ಪಿನಕಾಯಿ ಈರುಳ್ಳಿ.
ನ್ಯಾಯಾಧೀಶರು ಕೆಟ್ಟವರಲ್ಲ. ಕೆಮ್ಮಿದರು, ಕನ್ನಡಕ ಒರೆಸಿದರು,
"ಹತ್ತು ಜನ ಒಪ್ಪುವ ಮಾತು ಬರೆಸಬಹುದಲ್ಲ?" ಎಂದರು.
"ನೂರು ವರ್ಷ ಕಳೆದು ಬಂದವರಿಗೆ
ಇದು ಯಾವ ನೀರು, ಯಾರನ್ನು ಕರೆದದ್ದು ಎಂದು
ಯಾರು ಹೇಳುತ್ತಾರೆ?"
ಆಂಬ್ರೋಸ್ ಅಂದ,
"ಬಂದವರು ಬಾಯಾರಿದ್ದರೆ ಸಾಕು, ತಿಳಿಯುತ್ತೆ."

ಹದಿನಾಲ್ಕು ಪುಟ ತೀರ್ಪು. ವಜಾ.
ಕಲ್ಲಿನ ಮೇಲೆ ಹೆಸರು, ಎರಡು ಇಸವಿ.

ಮರುದಿನ ಗುರುವಾರ, ಸಂಜೆಯ ಪ್ರಾರ್ಥನೆ.
ಹೊರಗೆ ಆಲಿಕಲ್ಲು.
ಎಣಿಸಿದೆ: ಗಾಯಕರ ತಾಯಂದಿರು ಮೂವರು,
ಚಳಿಗೆ ಬಂದ ಕುಡುಕ ಒಬ್ಬ,
ದಾರಿ ತಪ್ಪಿದ ಡಚ್ಚರ ಜೋಡಿ,
ಸದಾ ಬರುವ ಮಿಸ್ ಓಲ್ಡ್‌ರಾಯ್ಡ್, ಅವಳ ತಂಗಿ,
ತಂಗಿಯ ಊರುಗೋಲು ಲೆಕ್ಕಕ್ಕಿಲ್ಲ,
ನಾನು.
ಒಂಬತ್ತು.
ಗಂಟೆ ಹೊಡೆಯಿತು. ಕೋಲೆತ್ತಿ ಹೊರಟೆ,
ಹಿಂದೆ ಸದ್ದಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ತಿರುಗಿದೆ.

ಡೀನ್ ಪಶ್ಚಿಮದ ಬಾಗಿಲ ಬಳಿ,
ಬಿಳಿ ಅಂಗಿಯ ಮೇಲೆಲ್ಲ ಮಂಜಿನ ಹುಡಿ,
ಮೆಟ್ಟಿಲ ಮೇಲೆ ನಿಂತೇ ಇದ್ದ ಆಂಬ್ರೋಸನ
ಭುಜ ಅಲುಗಿಸುತ್ತಿದ್ದರು,
ನಿದ್ದೆಯಿಂದ ಎಬ್ಬಿಸುವ ಹಾಗೆ.
ಏನೆಂದರೋ, ಇಷ್ಟು ದೂರಕ್ಕೆ ಕೇಳಲಿಲ್ಲ.
ಆದರೆ ಮುಂಚೆಯೇ ನನಗೆ ಹೇಳಿದ್ದರು,
ಒಳಕೋಣೆಯ ಒಲೆ ಹತ್ತಿಸಿಡು ಎಂದು.