ಸಿಲಿಂಡರಿಗೊಂದು ಗೂಡು

ಚಿಂತಾಮಣಿಯಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆ,
ಎಡಕ್ಕೆ ಪಂಕ್ಚರ್ ಅಂಗಡಿ, ಅದರ ಬೆನ್ನಿಗೆ ನನ್ನ ಶೆಡ್ಡು.
ಬೆಳಿಗ್ಗೆ ಏಳಕ್ಕೇ ಬಂದು ನಿಂತಿತ್ತು
ತಗಡಿನ ಕೋಣೆ ಹೊತ್ತ ಪಿಕಪ್ಪು:
ಒಂದು ಕಿಟಕಿ, ಕಿಟಕಿಗೆ ಹಳೆ ಸೀರೆಯ ಪರದೆ,
ಬಾಗಿಲಿಗೆ ಒಣಗಿದ ತೋರಣ.

ಜೇನು ಸಾಕುವವರು. ಪೆಟ್ಟಿಗೆಗಳನ್ನು ತೋಪಿನಲ್ಲಿಳಿಸಿ
ಗಂಡ ಹೆಂಡತಿ ಇಬ್ಬರೇ ಬಂದಿದ್ದರು.
ಮಾವಿಗೆ ಇಲ್ಲಿ, ಸೂರ್ಯಕಾಂತಿಗೆ ಪಾವಗಡದಾಚೆ,
ಹೂವು ಕರೆದಲ್ಲಿಗೆ ಸಂಸಾರ.

"ಮೇಸ್ತ್ರಿ, ಈ ಸಿಲಿಂಡರ್ ಆಚೆ ಹಾಕ್ಬೇಕು" ಅಂದಳು ಅಕ್ಕಯ್ಯಮ್ಮ.
ನಾರೆಪ್ಪ ನಕ್ಕ: "ಮೂರು ವರ್ಷ ಒಳಗೇ ಇತ್ತು, ಏನಾಗೋಯ್ತು?
ರಾತ್ರಿ ಯಾರಾದ್ರೂ ಬಿಚ್ಕೊಂಡೋದ್ರೆ ಕಾಫಿಗೂ ಗತಿ ಇರಲ್ಲ."
ಅವಳು ಮಾತಾಡಲಿಲ್ಲ.
ಸಿಲಿಂಡರಿನ ಕತ್ತು ಹಿಡಿದು ತಾನೇ ಇಳಿಸಿದಳು.

ಬೆಂಕಿ ಕೆಲಸಕ್ಕೆ ಮೊದಲು ನನ್ನದೊಂದು ನೇಮ:
ಸಿಲಿಂಡರು ರಸ್ತೆಯಾಚೆ, ಹೊಂಗೆ ಮರದಡಿ.
ಕಾವಲಿಗೆ ಗಂಗುಲಪ್ಪ.
ಅವನ ಬೀಡಿ ನನ್ನ ಜೇಬಿಗೆ.

ಎಲ್ಲಿ ಕೂರಿಸುವುದು? ಬಲಗಡೆ ಸೈಲೆನ್ಸರ್ ಕಾಯುತ್ತದೆ,
ಹಿಂದೆ ಯಾವ ಬಸ್ಸಾದರೂ ಬಂದು ಮುತ್ತಿಟ್ಟೀತು,
ಚಕ್ರದ ಬೆನ್ನಿಗಾದರೆ ಜಲ್ಲಿಕಲ್ಲಿನ ಏಟು.
ಚಾಕ್‌ಪೀಸ್ ಹಿಡಿದು ಎರಡು ಸುತ್ತು ಹಾಕಿ
ಎಡಗಡೆ, ಕೋಣೆಯ ಮೂಲೆಗೆ ಗೆರೆ ಎಳೆದೆ.
ತಗಡನ್ನು ನಂಬಬಾರದು. ತಗಡು ಮಾತು ಕೊಡುತ್ತದೆ,
ಭಾರ ಹೊರುವುದು ಚಾಸಿಸ್ಸೇ.
ಒಂದೂವರೆ ಇಂಚಿನ ಆ್ಯಂಗಲ್, ಕೆಳಗೊಂದು ಬಳೆ,
ಸೊಂಟಕ್ಕೊಂದು ಭುಜಕ್ಕೊಂದು ಪಟ್ಟಿ,
ಪಟ್ಟಿಯೊಳಗೆ ಹಳೆ ಟ್ಯೂಬಿನ ರಬ್ಬರು,
ಇಲ್ಲದಿದ್ದರೆ ಮುರುಗಮಲ್ಲ ಮುಟ್ಟುವಷ್ಟರಲ್ಲಿ
ಲೊಟಲೊಟ ಶುರು.
ಮೇಲೊಂದು ಟೋಪಿ. ತಳ ಮಾತ್ರ ಬಯಲು.

"ತಳ ಯಾಕೆ ಮುಚ್ಚಲ್ಲ?"
"ಗ್ಯಾಸು ಹೊಗೆಯಲ್ಲಪ್ಪ ಮೇಲೆ ಹೋಗೋಕೆ. ನೀರಿನ ಜಾತಿ.
ಸೋರಿದ್ರೆ ತಗ್ಗು ಹುಡುಕ್ಕೊಂಡು ಇಳಿಯುತ್ತೆ,
ಒಳಗಿದ್ರೆ ಚಾಪೆ ಮಟ್ಟಕ್ಕೆ ನಿಂತ್ಕೊಳ್ಳುತ್ತೆ."
ಚಾಪೆ ಅಂದಾಗ ಅಕ್ಕಯ್ಯಮ್ಮ ಒಳಗೆ ನೋಡಿದಳು.
ಎರಡು ದಿಂಬು, ಸುತ್ತಿಟ್ಟ ಕಂಬಳಿ.

ಮೂರು ಗಂಟೆಗೆ ಕಬ್ಬಿಣ ಆರಿತು.
ನಾರೆಪ್ಪ ಬೋಂಡ ತರಲು ಹೋಗಿದ್ದ.
ರೆಗ್ಯುಲೇಟರ್ ತಿರುಗಿಸಿ
"ವಾಸನೆ ಬರ್ತೈತಾ ನೋಡವ್ವ" ಅಂದೆ.
ಬಗ್ಗಿದಳು, ಮೂಗು ಒಡ್ಡಿದಳು,
ಆಮೇಲೆ ನನ್ನ ಮುಖ ನೋಡಿದಳು,
ಪರೀಕ್ಷೆಯಲ್ಲಿ ಪಕ್ಕದ ಹಾಳೆ ನೋಡುವ ಹುಡುಗಿಯ ಹಾಗೆ.

"ಹೋದ ವರ್ಷ ಜ್ವರ ಬಂತಣ್ಣ. ಜ್ವರ ಹೋಯ್ತು,
ವಾಸನೆ ವಾಪಸ್ ಬರ್ಲಿಲ್ಲ.
ಮಾವಿನ ಹೂವಿಲ್ಲ, ಬೆವರಿಲ್ಲ,
ಸಾರು ಸೀದಿದ್ದು ಬಣ್ಣ ನೋಡಿ ಗೊತ್ತಾಗೋದು.
ತುಪ್ಪ ಯಾವ ಹೂವಿಂದು ಅಂತ ಮೂಸಿ ಹೇಳೋಳು ನಾನು,
ಈಗ ಅವನು ಕೇಳಿದ್ರೆ ತಿಂಗಳು ಎಣಿಸಿ ಹೇಳ್ತೀನಿ.
ಬೆಳಿಗ್ಗೆ ಕತ್ಲಲ್ಲಿ ಕಡ್ಡಿ ಗೀರೋಳೂ ನಾನೇ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ.
ಮಗ್ಗಿನಲ್ಲಿ ಸೋಪಿನ ನೊರೆ ಎಬ್ಬಿಸಿ
ಬಣ್ಣ ಬಳಿಯುವ ಬ್ರಷ್ಷು ಕೊಟ್ಟೆ.
"ಮೂಗು ಬೇಡ, ಕಣ್ಣು ಸಾಕು.
ಸೋರಿದ್ರೆ ಗುಳ್ಳೆ ಏಳುತ್ತೆ."
ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುವ ಹಾಗೆ ಬಳಿದಳು.
ಎರಡನೇ ಕೀಲಿನಲ್ಲಿ ಸಾಸಿವೆಯಷ್ಟು ಗುಳ್ಳೆ.
"ಅಗೋ!" ಅಂದಳು, ನನಗಿಂತ ಮೊದಲು.
ನಟ್ಟು ಕಾಲು ಸುತ್ತು ಬಿಗಿದೆ.
ಮತ್ತೆ ಬಳಿದಳು. ಏಳಲಿಲ್ಲ.
ಪಿಕಪ್ಪಿನ ಸಂದಿಯಲ್ಲಿ ಉಳಿದಿದ್ದ ಒಂದು ಹುಳ
ಒದ್ದೆ ಹಿತ್ತಾಳೆಯ ಮೇಲೆ ಕೂತು, ಅಲ್ಲೇನೂ ಸಿಗದೆ, ಹಾರಿತು.

ನಾರೆಪ್ಪ ಪೊಟ್ಟಣ ಬಿಚ್ಚಿದ: "ಘಂ ಅಂತೈತೆ, ಅಲ್ವೇನೇ?"
"ಹೂಂ" ಅಂದಳು.

ಬೋಂಡ ತಿಂದು
ಸಿಲಿಂಡರನ್ನು ಮತ್ತೆ ಹೊಂಗೆ ಮರಕ್ಕೆ ಕಳಿಸಿದೆ.
ಗಂಗುಲಪ್ಪ ಗೊಣಗಿದ.
ಕೋಣೆಯೊಳಗೆ ಮಂಡಿಯೂರಿ, ಚಾಪೆ ಮಟ್ಟಕ್ಕೆ
ಗೋಡೆಯಲ್ಲಿ ಎರಡು ತೂತು ಕೊರೆದು ಜಾಲರಿ ಹೊಡೆದೆ.
"ಇದ್ಯಾಕೆ?" ಅಂದ ನಾರೆಪ್ಪ.
"ಗಾಳಿಗೆ."
ಬಿಲ್ಲಿನಲ್ಲಿ ಬರೆಯಲಿಲ್ಲ.

ಮತ್ತೆ ಕೂರಿಸಿದಾಗ, ಯಾರೂ ಹೇಳದೆ
ಅವಳೇ ನೊರೆ ಕಲಸಿದಳು.
ಪಿಕಪ್ಪು ಅಂಬಾಜಿದುರ್ಗದ ಬೆಟ್ಟಕ್ಕೆ ಬೆನ್ನು ಹಾಕಿ ತಿರುಗಿತು,
ನನ್ನ ಬ್ರಷ್ಷು ಅವಳ ಕೈಯಲ್ಲೇ ಇತ್ತು.
ಗಂಗುಲಪ್ಪ ಬಂದು ಕೈಯೊಡ್ಡಿ ನಿಂತ:
"ನನ್ ಬೀಡಿ."